ಮೈಯಸ್ಥೇನಿಯಾ ಇದ್ರೂ ದೇವರ ಜೋಡಿ ನಡಿಯೋದು ಹೆಂಗ: ನಮ್ಮ ಕಲಬುರಗಿ ಕಡಿಯೋರಿಗಿ

ಮೈಯಸ್ಥೇನಿಯಾ ಗ್ರೇವಿಸ್ ಅಂತ ಡಾಕ್ಟರ್ ಹೇಳಿ ಕಳಸ್ಯಾರ, ಮನ್ಯಾಗ ಯಾರ ಬಾಯಿಗೂ ಆ ಹೆಸರು ಸರಿಗಿ ಬರಲ್ಲ, ಗುಳಗಿ ಶುರು ಆಗ್ಯಾವ, ದೇವರ ಮ್ಯಾಲ ನಂಬಿಕಿ ಅದ ಆದ್ರ ಆ ನಂಬಿಕಿ ಇಟ್ಕೊಂಡು ಈಗ ಏನ್ ಮಾಡ್ಬೇಕು ಅಂತ ತಿಳೀವಲ್ದು, ಅಂಥೋರಿಗಿ ಇದು ಬರೀಲಿಕತ್ತೀನಿ. ನಾನೂ ಇದೇ ರೋಗ ಇಟ್ಕೊಂಡು ಕಲಬುರಗ್ಯಾಗ ಸಂಸಾರ ಮಾಡೋಕಿ, ಡಾಕ್ಟರ್ ಅಲ್ಲ. ಗುಳಗಿ, ಡೋಸು, ಸೂಜಿ ಈ ವಿಷಯದಾಗ ನಿಮ್ಮ ನ್ಯೂರಾಲಜಿ ಡಾಕ್ಟರ್ ಹೇಳಿದ್ದೇ ಆಗ್ಬೇಕು. ನಾ ಹೇಳೋದು ಅದರ ಜೋಡಿ ಭಕ್ತಿ ಹೆಂಗ ನಡಸ್ಕೊಂಡು ಹೋಗ್ಬೇಕು ಅನ್ನೋದು, ಯಾಕಂದ್ರ ನಮ್ಮ ಕಡಿ ಭಕ್ತಿ ಅಂದ್ರ ಬರಿಗಾಲಿಲೆ ನಡಿಯೋದು, ಉಪಾಸ ಇರೋದು, ಬಿಸಲಾಗ ಪಾಳಿ ಹಚ್ಚಿ ನಿಲ್ಲೋದು, ಗಂಟಲ ಬಿಚ್ಚಿ ಭಜನಿ ಹಾಡೋದು, ಮತ್ತ ಈ ರೋಗಕ್ಕ ಆಗಿ ಬರಲಾರದ್ದೂ ಇವೇ ನಾಲ್ಕು. ಹಂಗಂತ ದೇವರನ್ನ ಬಿಡ್ಬೇಕಂತೇನಿಲ್ಲ. ಭಕ್ತಿ ಮಾಡೋ ರೀತಿ ಬದಲ ಮಾಡ್ಕೊಂಡ್ರ ಅದೇ ಭಕ್ತಿ ನಮ್ಮನ್ನ ಎತ್ತಿ ಹಿಡೀತದ, ಇದು ನಾ ದಿನಾ ಅನುಭವಿಸೋ ಮಾತು.

ಮೊದಲ ಕೆಲಸ: ರೋಗ ಏನು ಅಂತ ತಿಳ್ಕೊಂಡು ಪಾಪ-ಶಾಪದ ಮಾತು ಮನಿಂದ ಹೊರಗ ಹಾಕ್ರಿ

ನಮ್ಮ ಮೈಯಾಗ ರೋಗದ ವಿರುದ್ಧ ಬಡಿದಾಡೋ ಶಕ್ತಿ ಇರ್ತದಲ್ಲ, ಅದೇ ಯಾಕೋ ದಾರಿ ತಪ್ಪಿ ನಮ್ಮ ಮೈ ಮ್ಯಾಲೇ ತಿರುಗಿ ಬೀಳ್ತದ, ಅದಕ್ಕ ಆಟೋಇಮ್ಯೂನ್ ರೋಗ ಅಂತಾರ. ಮೈಯಸ್ಥೇನಿಯಾದಾಗ ಅದು ನರ ಮತ್ತ ಸ್ನಾಯು ಕೂಡೋ ಜಾಗಕ್ಕ ಹೋಗಿ ಕೂಡ್ತದ. ನರ ಸುದ್ದಿ ಕಳಸ್ತದ, ಸ್ನಾಯುಕ್ಕ ಮುಟ್ಟಲ್ಲ, ಹೊರಗಿನಿಂದ ಯಾರೋ ಬಾಗಲ ಬಡೀಲಿಕತ್ತಾರ ಒಳಗ ಕೇಳಸಲ್ಲ ಅಂದಂಗ. ಹಿಂಗಾಗಿ ಕೆಲಸ ಮಾಡ್ದಂಗ ಮಾಡ್ದಂಗ ಬಲ ಕಮ್ಮಿ ಆಗ್ತದ, ಕುಂತು ದಣಿವಾರಿಸ್ಕೊಂಡ್ರ ಮತ್ತ ಬರ್ತದ. ಮುಂಜಾನಿ ಛಲೋ ಇರ್ತೀವಿ, ಸಂಜಿಗಿ ಕಣ್ಣಿನ ರೆಪ್ಪಿ ಜೋತು ಬೀಳ್ತದ, ಒಂದು ವಸ್ತು ಎರಡು ಕಾಣಸ್ತದ, ರೊಟ್ಟಿ ಅಗದು ಅಗದು ದವಡಿ ಸೋಲ್ತದ, ಮಾತು ಮೂಗಿನಿಂದ ಬಂದಂಗ ಆಗ್ತದ. ಸುಮಾರು ಹತ್ತು ಸಾವಿರ ಮಂದ್ಯಾಗ ಒಬ್ಬರಿಗೋ ಇಬ್ಬರಿಗೋ ಬರೋ ರೋಗ ಇದು, ಅದಕ್ಕೇ ನಮ್ಮ ಊರಾಗ ಓಣ್ಯಾಗ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕ ಮಂದಿ ತಮಗ ತಿಳಿದ ಹೆಸರು ಇಡ್ತಾರ. ನಾಗದೋಷ, ಯಾರೋ ಮಾಡಿಸ್ಯಾರ, ಗಾಳಿ ಸೋಕ್ಯದ, ಹೋದ ಜನ್ಮದ ಕರ್ಮ.

ಈ ಕರ್ಮದ ಮಾತು ಕೇಳಿದ್ರ ನಂಗ ಹೊಟ್ಟಿ ಉರೀತದ. ರೋಗಿ ಎದುರಿಗಿ ಕುಂತು ಚಾ ಕುಡ್ಕೋತ, ನೀ ಏನೋ ಮಾಡಿರ್ಬೇಕವ್ವ ಅದಕ್ಕ ಬಂದದ ಅಂತ ಹೇಳೋರು ಇದ್ದಾರ. ನೋಡ್ರಿ, ರಕ್ತದಾಗ ಎಸಿಟೈಲ್‌ಕೋಲಿನ್ ರಿಸೆಪ್ಟರ್ ಆ್ಯಂಟಿಬಾಡಿ ಅಂತ ಒಂದು ಟೆಸ್ಟ್ ಅದ, ಬಹಳ ಮಂದಿಗಿ ಅದರಾಗ ಗೊತ್ತಾಗ್ತದ. ನರಕ್ಕ ಕರೆಂಟ್ ಕೊಟ್ಟು ಮಾಡೋ ಟೆಸ್ಟ್ ಅದ. ಎದಿ ಎಲುಬಿನ ಹಿಂದ ಥೈಮಸ್ ಅಂತ ಗ್ರಂಥಿ ಇರ್ತದ, ನೂರು ರೋಗಿಗಳಾಗ 10ರಿಂದ 15 ಮಂದಿಗಿ ಅಲ್ಲಿ ಗಂಟು ಇರ್ತದ, ಅದಕ್ಕೇ ಎದಿ ಸ್ಕ್ಯಾನ್ ಮಾಡಸ್ತಾರ. ಇಷ್ಟು ಸಾಫ್ ಕಾಣೋ ರೋಗಕ್ಕ ಪಾಪದ ಲೆಕ್ಕ ಯಾಕ ಬೇಕ್ರಿ? ಮನ್ಯಾಗ ಹಿರೇರು ಇದ್ರ ಜಗಳ ಮಾಡ್ಬ್ಯಾಡ್ರಿ, ರಿಪೋರ್ಟ್ ತೋರಿಸಿ ಮೆಲ್ಲಕ ಹೇಳ್ರಿ, "ಅತ್ತಿ, ಶುಗರ್ ಇದ್ದಂಗ ಇದೂ ಒಂದು ಬ್ಯಾನಿ, ಗುಳಗಿ ನುಂಗ್ಬೇಕು, ನೀವು ನನ್ನ ಸಲುವಾಗಿ ದೇವರ ಮುಂದ ದೀಪ ಹಚ್ರಿ" ಅಂತ. ಹಿರೇರಿಗಿ ಮಾಡ್ಲಿಕ್ಕೆ ಒಂದು ಕೆಲಸ ಕೊಟ್ರ ಅವರ ಅಂಜಿಕಿನೂ ಇಳೀತದ, ಮಂತ್ರವಾದಿ ಕಡಿ ಹೋಗೋಣ ಅನ್ನೋದೂ ಕಮ್ಮಿ ಆಗ್ತದ.

ಎರಡನೇದು: ಗುಳಗಿ ಟೈಮು, ಪೂಜಿ ಟೈಮು ಒಂದಕ್ಕೊಂದು ಜೋಡಸ್ರಿ

ನಮಗ ಹೆಚ್ಚಾಗಿ ಕೊಡೋದು ಪೈರಿಡೋಸ್ಟಿಗ್ಮಿನ್ ಗುಳಗಿ. ಅದು ನುಂಗಿದ ಅರ್ಧ ತಾಸು ಮುಕ್ಕಾಲು ತಾಸಿಗಿ ಕೆಲಸ ಶುರು ಮಾಡ್ತದ, ಮೂರು ನಾಲ್ಕು ತಾಸು ನಡೀತದ, ಆಮ್ಯಾಲ ಇಳೀತದ. ಇದು ತಿಳಿದಿದ್ರ ಅರ್ಧ ಕೆಲಸ ಆದಂಗೇ. ಮುಂಜಾನಿ ಎದ್ದ ಕೂಡ್ಲೆ ಝಳಕ ಮಾಡಿ ಖಾಲಿ ಹೊಟ್ಟಿಲೆ ಪೂಜಿ ಮುಗಸಿ ಆಮ್ಯಾಲ ಗುಳಗಿ ತಗೊಳ್ಳೋದು ನಮ್ಮ ಮನಿಗಳಾಗ ಪದ್ಧತಿ, ಅದು ನಮಗ ಉಲ್ಟಾ ಆಗ್ಬೇಕು. ಮೊದಲ ಎರಡು ಬಿಸ್ಕೀಟೋ ಒಂದು ಚೂರು ಮೆತ್ತನ ರೊಟ್ಟಿ ಹಾಲಿನ್ಯಾಗ ನೆನಸಿದ್ದೋ ತಿಂದು ಗುಳಗಿ ನುಂಗ್ರಿ, ಖಾಲಿ ಹೊಟ್ಟಿಗಿ ಕೆಲವರಿಗಿ ಹೊಟ್ಟಿ ನುಲೀತದ, ಭೇದಿ ಆಗ್ತದ. ಅರ್ಧ ತಾಸು ಆರಾಮ ಕೂಡ್ರಿ, ಆಮ್ಯಾಲ ಝಳಕ, ಆಮ್ಯಾಲ ಪೂಜಿ. ಝಳಕಕ್ಕ ಸುಡೋ ನೀರು ಬ್ಯಾಡ, ಬಿಸಿ ಹೆಚ್ಚಾದಷ್ಟು ನಮ್ಮ ಸ್ನಾಯು ಸೋಲ್ತಾವ, ಉಗುರುಬೆಚ್ಚಗ ಸಾಕು.

ತಿಂದು ಪೂಜಿ ಮಾಡೋದು ಮೈಲಿಗಿ ಅಂತ ಅಳುಕಿದ್ರ ಗುಳಗಿನೇ ಮೊದಲ ದೇವರ ಮುಂದ ಇಡ್ರಿ, ಕೈ ಮುಗದು ತಗೊಳ್ರಿ. ನಾ ಹಂಗೇ ಮಾಡ್ತೀನಿ. ದಿನಕ್ಕ ನಾಲ್ಕೈದು ಸಲ ಗುಳಗಿ ತಗೋಬೇಕಾದೋರಿಗಿ ದಿನಕ್ಕ ನಾಲ್ಕೈದು ಸಲ ದೇವರ ಹೆಸರು ತಾನಾಗಿ ಬಾಯಿಗಿ ಬರ್ತದ, ಮೊಬೈಲ್ ಅಲಾರ್ಮ್ ಹೊಡದಾಗ ಒಂದು ಸಲ "ಶರಣಬಸಪ್ಪಾ" ಅಂದು ನೀರು ಕುಡಿಯೋದು, ಅಷ್ಟೇ. ಗುಳಗಿ ಮರಿಯೋದೂ ತಪ್ತದ.

ಇದರ ಜೋಡಿ ಇನ್ನೊಂದು ರೂಢಿ ಹಚ್ಕೊಳ್ರಿ. ಪೂಜಿ ಮುಗದ ಮ್ಯಾಲ ನೆಟ್ಟಗ ಕುಂತು ಒಂದು ಸಲ ಪೂರಾ ಉಸಿರು ತಗೊಂಡು, ಆ ಒಂದೇ ಉಸಿರಿನ್ಯಾಗ ಒಂದು ಎರಡು ಮೂರು ಅಂತ ಗಟ್ಟಿಯಾಗಿ ಎಣಸ್ಕೋತ ಹೋಗ್ರಿ. ತಬಿಯತ್ತು ನೆಟ್ಟಗಿದ್ದೋರು ಸುಮಾರು 50ರ ತನಕ ಎಣಸ್ತಾರ. ನಿಮ್ಮದು ಎಷ್ಟು ಬರ್ತದ ಕ್ಯಾಲೆಂಡರ್ ಮ್ಯಾಲ ಬರದಿಡ್ರಿ. ದಿನಾ 35 ಬರೋದು ಇವತ್ತ 25ಕ್ಕ ಇಳೀತಂದ್ರ ಡಾಕ್ಟರ್‌ಗ ಫೋನ್ ಹಚ್ರಿ, 20ರ ಕೆಳಗ ಬಂತಂದ್ರ ಜಪ ಮಾಡ್ಕೋತ ಕೂಡೋ ಹೊತ್ತಲ್ಲ ಅದು, ಸೀದಾ ದವಾಖಾನಿ.

ಮೂರನೇದು: ಪೂಜಿ ಮಾಡೋ ರೀತಿ ಬದಲ ಮಾಡ್ರಿ

ಇದರ ಬಗ್ಗೆ ಯಾರೂ ಹೇಳಲ್ಲ, ಅದಕ್ಕೇ ಉದ್ದಕ್ಕ ಹೇಳ್ತೀನಿ.

ಇಷ್ಟಲಿಂಗ ಪೂಜಿ ಮಾಡೋರು ಇದ್ರ, ಎಡಗೈ ಅಂಗೈ ಮ್ಯಾಲ ಲಿಂಗ ಇಟ್ಕೊಂಡು ಕಣ್ಣು ಪಿಳುಕಿಸದಂಗ ನೋಡೋದು ನಮಗ ಸಣ್ಣಂದಿರಿಂದ ಕಲಿಸ್ಯಾರ. ಈ ರೋಗದಾಗ ಹಂಗ ಎತ್ತಿ ಹಿಡದ ಕೈ ಜರಾ ಹೊತ್ತಿಗೇ ನಡಗ್ತದ, ಒಂದೇ ಕಡಿ ನೋಡಿದ್ರ ರೆಪ್ಪಿ ಇಳೀತದ, ಲಿಂಗ ಎರಡು ಕಾಣಸ್ತದ. ಹಂಗಾದಾಗ ಮನಸ್ಸಿಗಿ ಏನಾಗ್ತದ ಅನ್ನೋದು ಅನುಭವಿಸಿದೋರಿಗೇ ಗೊತ್ತು, ಶಿವ ನನ್ನ ಪೂಜಿನೂ ಬ್ಯಾಡ ಅಂದ ಅನಸ್ತದ. ಖರೇ ಹೇಳ್ಬೇಕಂದ್ರ ಡಾಕ್ಟರ್ ಈ ರೋಗ ಹಿಡಿಯೋದೇ ಹಂಗ, ಮ್ಯಾಲ ನೋಡ್ರಿ ಅಂತ ಹೇಳಿ ರೆಪ್ಪಿ ಇಳೀತದೋ ಇಲ್ಲೋ ನೋಡ್ತಾರ. ಶಿವಂದು ಸಿಟ್ಟಿಲ್ಲ ಅದರಾಗ, ಸ್ನಾಯುದ ದಣಿವು ಅಷ್ಟೇ. ತೊಡಿ ಮ್ಯಾಲ ತಲಿದಿಂಬು ಇಟ್ಟು ಅದರ ಮ್ಯಾಲ ಮೊಳಕೈ ಊರಿ ಲಿಂಗ ಹಿಡೀರಿ, ಒಂದು ಘಳಿಗಿ ನೋಡಿ ಕಣ್ಣು ಮುಚ್ರಿ, ಮುಚ್ಚಿದ ಕಣ್ಣಿನ್ಯಾಗೇ ಇಟ್ಕೊಳ್ರಿ. ಕುರ್ಚಿ ಮ್ಯಾಲ ಕುಂತು ಮಾಡಿದ್ರೂ ನಡೀತದ.

ಜಪ ಬಾಯಿಲೆ ಬ್ಯಾಡ, ಮನಸ್ಸಿನ್ಯಾಗ ಮಾಡ್ರಿ, ಬಾಯಿ ಸೋತ್ರ ಊಟದ ಹೊತ್ತಿಗಿ ನುಂಗ್ಲಿಕ್ಕೆ ತ್ರಾಸ ಆಗ್ತದ. ಭಜನಿ ಮಂಡಳಿ ಒಳಗ ಹಾಡೋರು ಇದ್ರ ಹಾಡೋದು ಪೂರಾ ಬಿಡ್ಬ್ಯಾಡ್ರಿ, ಗುಳಗಿ ಜೋರಾಗಿ ಕೆಲಸ ಮಾಡೋ ಹೊತ್ತಿನ್ಯಾಗ ಒಂದು ಪದ ಹಾಡ್ರಿ, ಉಳಿದಿದ್ದಕ್ಕ ತಾಳ ಹಾಕ್ರಿ, ತಾಳನೂ ಭಾರ ಆದ್ರ ಕೇಳ್ರಿ. ನಮಾಜ್ ಮಾಡೋರು ಕುರ್ಚಿ ಮ್ಯಾಲ ಕುಂತು ಮಾಡ್ಬಹುದು, ಬ್ಯಾನಿ ಇದ್ದೋರಿಗಿ ಧರ್ಮದಾಗೇ ಆ ಸವಲತ್ತು ಅದ, ಮಲಗಿ ಕಣ್ಸನ್ನಿಲೆ ಮಾಡ್ಲಿಕ್ಕೂ ಅದ. ಚರ್ಚಿಗಿ ಹೋಗೋರು ಎಲ್ಲರೂ ಎದ್ದು ನಿಂತಾಗ ಕುಂತಿರ್ರಿ, ಯಾರ ಏನ್ ಅಂದ್ಕೋತಾರ ಅನ್ನೋ ಚಿಂತಿ ಬ್ಯಾಡ. ದೇವರ ಮನ್ಯಾಗ ಎತ್ತರದ ಗೂಡಿನ್ಯಾಗ ಫೋಟೋ ಇದ್ರ ಕೆಳಗ ಇಳಸ್ರಿ, ಕೈ ಮ್ಯಾಲ ಎತ್ತಿ ಹೂ ಏರಸೋದು, ಗಂಟಿ ಬಾರಸೋದು ನಮ್ಮ ಭುಜಕ್ಕ ಭಾಳ ದಣಿವು.

ಪ್ರಸಾದದ ವಿಷಯ. ಸ್ಟಿರಾಯ್ಡ್, ಅಜಾಥಯೋಪ್ರಿನ್ ಇಂಥಾ, ದಾರಿ ತಪ್ಪಿದ ರೋಗನಿರೋಧಕ ಶಕ್ತಿ ತಗ್ಗಸೋ ಗುಳಗಿ ತಗೊಳ್ಳೋರಿಗಿ ಸೋಂಕು ಲಗೂನ ಹಿಡೀತದ, ಹಿಂಗಾಗಿ ನದಿ ನೀರಿನ ತೀರ್ಥ ಕಣ್ಣಿಗಿ ತಲಿಗಿ ಹಚ್ಕೊಳ್ರಿ, ಕುಡೀಬ್ಯಾಡ್ರಿ. ಒಣ ಕೊಬ್ರಿ, ಚುರುಮುರಿ, ಪುಟಾಣಿ ನುಂಗೋ ಸ್ನಾಯು ಸೋತ ಹೊತ್ತಿನ್ಯಾಗ ಗಂಟಲಾಗ ಸಿಗ್ತಾವ, ಮನಿಗಿ ತಂದು ಗುಳಗಿ ಹೊತ್ತಿನ್ಯಾಗ ತಿನ್ರಿ. ಗೋಧಿ ಹುಗ್ಗಿ ಇದ್ರ ಚಿಂತಿಲ್ಲ, ಮೆತ್ತಗಿರ್ತದ. ಮತ್ತ ಯಾರರೇ ಸ್ವಾಮಿಗೋಳು, ಹಕೀಮರು, ಭಸ್ಮ ಪುಡಿ ಕೊಟ್ಟು ಹೊಟ್ಟಿಗಿ ತಗೋ ಅಂದ್ರ ಹಣಿಗಿ ಹಚ್ಕೊಳ್ರಿ, ಹೊಟ್ಟಿಗಿ ಬ್ಯಾಡ. ರೋಗನಿರೋಧಕ ಶಕ್ತಿ ಹೆಚ್ಚಾಗ್ತದ ಅಂತ ಅಮೃತಬಳ್ಳಿ ಕಷಾಯ ಕುಡಸ್ತಾರ, ನಮ್ಮ ಮೈಯಾಗ ಆ ಶಕ್ತಿನೇ ದಾರಿ ತಪ್ಪಿ ನಮ್ಮನ್ನ ಬಡೀಲಿಕತ್ತಿರೋದು, ಡಾಕ್ಟರ್‌ಗ ಕೇಳದ ಅದಕ್ಕ ಕೈ ಹಚ್ಬ್ಯಾಡ್ರಿ.

ನಾಲ್ಕನೇದು: ಹರಕಿ ಮತ್ತ ಉಪಾಸ

ರೋಗ ಗೊತ್ತಾದ ಮೊದಲನೇ ವಾರದಾಗೇ ಮನಿ ಮಂದಿ ಹರಕಿ ಹೊತ್ತು ಬಿಡ್ತಾರ. ಸೀಗಿ ಹುಣ್ಣಿಮಿಗಿ ತುಳಜಾಪುರಕ್ಕ ನಡಕೋತ ಕರ್ಕೊಂಡು ಬರ್ತೀನಿ ತಾಯಿ, ಯುಗಾದಿಗಿ ಶ್ರೀಶೈಲ ಪಾದಯಾತ್ರಿ ಮಾಡಸ್ತೀನಿ ಮಲ್ಲಯ್ಯಾ, ದೀಡ ನಮಸ್ಕಾರ ಹಾಕಸ್ತೀನಿ ಅಂತ. ಪ್ರೀತಿಲೆ ಹೊತ್ತ ಹರಕಿ ಅದು, ಬೈಬ್ಯಾಡ್ರಿ. ಆದ್ರ ಯುಗಾದಿ ಹೊತ್ತಿನ ನಮ್ಮ ಬಿಸಲು ನಿಮಗ ಗೊತ್ತೇ ಅದ, ಆ ಬಿಸಲಾಗ ದಿನಗಟ್ಲೆ ನಡಿಯೋದು ಮೈಯಸ್ಥೇನಿಯಾ ರೋಗಿಗಿ ನೇರ ಐಸಿಯು ದಾರಿ. ಹರಕಿ ಹೊತ್ತೋರು ತಾವು ನಡೀಲಿ, ನೀವು ಗಾಡ್ಯಾಗ ಹೋಗಿ ಅಲ್ಲಿ ಕೂಡಿ ದರ್ಶನ ಮಾಡ್ರಿ. ಇಲ್ಲಂದ್ರ ಹರಕಿನೇ ದಾಸೋಹಕ್ಕ ಬದಲಸ್ರಿ. ಶರಣಬಸವೇಶ್ವರರು ಇಡೀ ಜೀವನ ಮಾಡಿದ್ದೇ ದಾಸೋಹ, ಹಸದು ಬಂದೋರಿಗಿ ಉಣಿಸಿದ್ರು, ಒಂದು ಚೀಲ ಜ್ವಾಳ ಒಪ್ಪಿಸಿ ಬಂದ್ರ ಆ ದೇವರು ಬ್ಯಾಡ ಅಂತಾನೇನ್ರಿ? ಮನಸ್ಸಿಗಿ ಸಮಾಧಾನ ಆಗ್ಲಿಲ್ಲಂದ್ರ ಪೂಜಾರಿಗೇ ಕೇಳ್ರಿ, ಬಹಳ ಮಂದಿ ಪೂಜಾರಿಗೋಳು ಬದಲಿ ದಾರಿ ತಾವೇ ಹೇಳ್ತಾರ.

ಸಾವಿರಗಟ್ಲೆ ಖರ್ಚಿನ ಶಾಂತಿ, ಹೋಮ ಅಂತ ಬಂದ್ರ ನಂದು ಖಡಕ್ ಮಾತು, ಬ್ಯಾಡ. ರೋಗ ಜೋರಾದ್ರ ಇಮ್ಯುನೋಗ್ಲೋಬ್ಯುಲಿನ್ ಸೂಜಿ, ಇಲ್ಲಂದ್ರ ಪ್ಲಾಸ್ಮಾ ಬದಲಿಸೋ ಟ್ರೀಟ್‌ಮೆಂಟ್ ಬೇಕಾಗ್ತದ, ಅದಕ್ಕ ಲಕ್ಷದ ಲೆಕ್ಕದಾಗ ರೊಕ್ಕ ಹೋಗ್ತದ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಒಂದು ಮನಿಗಿ ವರ್ಷಕ್ಕ 5 ಲಕ್ಷ ತನಕ ಸವಲತ್ತು ಅದ, ನಿಮ್ಮ ಟ್ರೀಟ್‌ಮೆಂಟ್ ಅದರಾಗ ಬರ್ತದೋ ಇಲ್ಲೋ ದವಾಖಾನಿ ಆರೋಗ್ಯಮಿತ್ರರ ಕಡಿ ಈಗೇ ಕೇಳಿಟ್ಕೊಳ್ರಿ, ಉಸಿರು ಸಿಕ್ಕೊಂಡ ಹೊತ್ತಿನ್ಯಾಗ ಕಾಗದ ಹುಡುಕ್ಲಿಕ್ಕೆ ಆಗಲ್ಲ.

ಉಪಾಸ ನಂಗ ಬಿಡ್ಲಿಕ್ಕೆ ಭಾಳ ಕಷ್ಟ ಆದದ್ದು. ಶ್ರಾವಣ ಸೋಮವಾರ ನಮ್ಮವ್ವ ಇದ್ಲು, ನಮ್ಮ ಆಯಿ ಇದ್ಲು, ನಾ ಬಿಟ್ರ ಹೆಂಗ ಅನ್ನಿಸ್ತಿತ್ತು. ಆದ್ರ ಗುಳಗಿ ಹೊಟ್ಟಿಗಿ ಏನರೇ ಇದ್ದಾಗ ಹೋಗ್ಬೇಕು, ಸ್ಟಿರಾಯ್ಡ್ ಅಂತೂ ಮುಂಜಾನಿ ತಿಂದೇ ನುಂಗ್ಬೇಕು, ಒಂದು ದಿನನೂ ತಪ್ಪಸೋಹಂಗಿಲ್ಲ, ಒಮ್ಮೆಲೆ ನಿಲ್ಲಿಸಿದ್ರ ಜೀವಕ್ಕ ಅಪಾಯ. ಹಿಂಗಾಗಿ ಈಗ ಸೋಮವಾರ ಉಪ್ಪು ಖಾರ ಕಮ್ಮಿ ಮಾಡಿ ಸಜ್ಜಿಗಿ, ಹಾಲು, ಬಾಳಿಹಣ್ಣು ತಿಂತೀನಿ, ಸಂಜಿ ತನಕ ಟಿವಿ ಹಚ್ಚಲ್ಲ, ಯಾರ ಬಗ್ಗೆನೂ ಕೆಟ್ಟ ಮಾತಾಡಲ್ಲ. ಖರೇ ಹೇಳ್ತೀನಿ, ಹೊಟ್ಟಿ ಉಪಾಸಕ್ಕಿಂತ ಈ ಮಾತಿನ ಉಪಾಸ ಬಿಗಿ ಅದ. ರಂಜಾನ್ ರೋಜಾ ಹಿಡಿಯೋರಿಗಿ ಸಹರಿಯಿಂದ ಇಫ್ತಾರ್ ತನಕ ಗುಳಗಿ ಇಲ್ಲದ ಇರ್ಲಿಕ್ಕೆ ಆಗಲ್ಲ, ರೋಗಿಗಿ ರೋಜಾ ಮಾಫ್ ಅದ, ವಾಸಿ ಆಗಲಾರದ ಬ್ಯಾನಿ ಇದ್ದೋರು ಬಡವರಿಗಿ ಊಟ ಕೊಡೋ ಫಿದಿಯಾ ಅದ. ನಿಮ್ಮ ಮಸೀದಿ ಮೌಲಾನಾರ ಕಡಿ ಹೋಗಿ ಗುಳಗಿ ಚೀಟಿ ತೋರಿಸಿ ಮಾತಾಡ್ರಿ, ಮನಿ ಮಂದಿಗಿ ಅವರ ಬಾಯಿಂದ ಹೇಳಸಿದ್ರ ಇನ್ನೂ ಛಲೋ.

ಐದನೇದು: ಗುಡಿ, ದರ್ಗಾ, ಜಾತ್ರಿಗಿ ಹೋಗೋದು

ಹೋಗ್ರಿ. ಮನ್ಯಾಗೇ ಕುಂತ್ರ ಮನಸ್ಸು ಕೊಳೀತದ. ಟೈಮ್ ನೋಡಿ ಹೋಗ್ರಿ ಅಷ್ಟೇ.

ಹೋಳಿ ಆದ ಮ್ಯಾಲ ಶರಣಬಸವೇಶ್ವರ ಜಾತ್ರಿ ಬರ್ತದ, ತೇರಿನ ದಿನ ಅಪ್ಪನ ಕೆರಿ ಕಡಿ ಕಾಲಿಡ್ಲಿಕ್ಕೆ ಜಾಗ ಇರಲ್ಲ. ಆ ದಿನ ಬ್ಯಾಡ್ರಿ, ಮುಂದ ಜಾತ್ರಿ ನಡದೇ ಇರ್ತದ, ಯಾವುದರೇ ಒಂದು ದಿನ ಮುಂಜಾನಿ 6ಕ್ಕ ಹೋದ್ರ ಥಂಡ ಇರ್ತದ, ಕುಂತು ಕಣ್ತುಂಬ ನೋಡ್ಬಹುದು. ಬಂದೇ ನವಾಜ್ ದರ್ಗಾಕ್ಕ ನಮ್ಮಲ್ಲಿ ಎಲ್ಲಾ ಜಾತಿಯೋರೂ ಹೋಗ್ತೀವಿ, 1422ರಾಗ ತೀರಿಕೊಂಡ ಸಂತರಿಗಿ ಇವತ್ತಿಗೂ ಮಂದಿ ತಮ್ಮ ಕಷ್ಟ ಹೇಳ್ಕೊಳ್ಳೋದು ನೋಡಿದ್ರೇ ಒಂದು ಧೈರ್ಯ. ಉರ್ಸಿನ ಗದ್ದಲ ಬಿಟ್ಟು ಹೋಗ್ರಿ. ಬುದ್ಧ ವಿಹಾರ 2009ರಾಗ ಶುರು ಆದದ್ದು, ಯೂನಿವರ್ಸಿಟಿ ಕಡಿ, ಅಲ್ಲಿ ಏನೂ ಮಾಡದೇ ಸುಮ್ಮ ಕೂಡ್ಲಿಕ್ಕೆ ಜಾಗ ಅದ, ಮಾತಾಡ್ಲಿಕ್ಕೆ ದಣಿವು ಆಗೋ ನಮ್ಮಂಥೋರಿಗಿ ಅದು ದೊಡ್ಡದು.

ಗಾಣಗಾಪುರಕ್ಕ ರೈಲಿಲೆ ಹೋಗೋರು ತಿಳ್ಕೊಳ್ರಿ, ಗಾಣಗಾಪುರ ರೋಡ್ ಸ್ಟೇಷನ್‌ನಿಂದ ಗುಡಿ ಸುಮಾರು 20 ಕಿಲೋಮೀಟರ್ ದೂರ ಅದ, ಗಾಡಿ ಮೊದಲೇ ಹೇಳಿಟ್ಕೊಂಡ್ರ ಛಲೋ. ಮಧ್ಯಾಹ್ನದ ಮಧುಕರಿ ಬೇಡೋದು ಅಲ್ಲಿ ಪದ್ಧತಿ, ಸುಡು ಬಿಸಲಾಗ ಮನಿ ಮನಿ ತಿರಗೋದು ನಿಮ್ಮ ಜೋಡಿ ಬಂದೋರು ಮಾಡ್ಲಿ, ನೀವು ನೆಳ್ಳಿಗಿ ಕುಂತು ಅದರಾಗ ಒಂದು ತುತ್ತು ಉಣ್ರಿ. ಕಣ್ಣು ಜೋತು ಬಿದ್ದದ, ಮಾತು ತೊದಲ್ತದ ಅಂತ ಗಾಳಿ ಬಿಡಿಸ್ಲಿಕ್ಕೆ ಕರ್ಕೊಂಡು ಹೋಗ್ತೀವಿ ಅಂದ್ರ ಮಾತ್ರ ಒಪ್ಪಬ್ಯಾಡ್ರಿ, ದತ್ತನ ದರ್ಶನಕ್ಕ ಹೋಗೋದು ಬ್ಯಾರೆ, ಈ ರೋಗ ಇದ್ದೋರನ್ನ ಕುಣಿಸಿ ದಣಿಸೋದು ಬ್ಯಾರೆ.

ಬೀದರ ಝರಣಿ ನರಸಿಂಹನ ಸುರಂಗಕ್ಕ ನಾವು ಇಳಿಯೋದೇ ಬ್ಯಾಡ. ಎದಿಮಟ್ಟ ನೀರಿನ್ಯಾಗ ಸುಮಾರು 300 ಮೀಟರ್ ನಡೀಬೇಕು, ಒಳಗ ಗಾಳಿ ಕಮ್ಮಿ, ಹಿಂದ ಮುಂದ ಮಂದಿ, ಅರ್ಧ ದಾರ್ಯಾಗ ಕಾಲು ಸೋತ್ರ, ಉಸಿರು ಸಿಕ್ಕೊಂಡ್ರ ತಿರುಗಿ ಬರ್ಲಿಕ್ಕೆ ಆಗಲ್ಲ. ಹೊರಗ ನಿಂತು ಕೈ ಮುಗೀರಿ. ಅದೇ ಊರಾಗ ನಾನಕ್ ಝೀರಾ ಗುರುದ್ವಾರ ಅದ, ಲಂಗರ್‌ನ್ಯಾಗ ಯಾರಿಗೂ ಇಲ್ಲ ಅನ್ನಲ್ಲ, ರೊಟ್ಟಿ ದಾಲ್‌ನ್ಯಾಗ ಪೂರಾ ನೆನಸ್ಕೊಂಡು ತಿನ್ರಿ. ಯಾದಗಿರಿ ಕಡಿಯೋರು ಸಂಕ್ರಾಂತಿಗಿ ಮೈಲಾಪುರಕ್ಕ ಹೋದ್ರ ಭಂಡಾರ ಎರಚೋ ಕಡಿಯಿಂದ ದೂರ ನಿಲ್ರಿ, ಮಾಸ್ಕ್ ಹಾಕ್ಕೊಳ್ರಿ, ಗದ್ದಲ ಇಳಿದ ಮ್ಯಾಲ ಹೋದ್ರ ಇನ್ನೂ ಒಳ್ಳೇದು.

ಎಲ್ಲಿ ಹೋದ್ರೂ ಜೋಡಿ ಒಂದು ಚೀಟಿ ಇರ್ಲಿ. ಕನ್ನಡದಾಗ ದೊಡ್ಡ ಅಕ್ಷರದಾಗ ಬರೀರಿ: ನನಗ ಮೈಯಸ್ಥೇನಿಯಾ ಗ್ರೇವಿಸ್ ಅದ, ಉಸಿರು ಸಿಕ್ಕೊಂಡ್ರ 108 ಕರೀರಿ, ಜೆಂಟಾಮೈಸಿನ್, ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಅಜಿತ್ರೋಮೈಸಿನ್, ಮೆಗ್ನೀಸಿಯಂ ಸೂಜಿ ನನ್ನ ಡಾಕ್ಟರ್‌ಗ ಕೇಳದ ಕೊಡಬ್ಯಾಡ್ರಿ. ಆಮ್ಯಾಲ ಡಾಕ್ಟರ್ ಫೋನ್ ನಂಬರ್, ಮನಿ ನಂಬರ್. ಈ ಔಷಧಗಳು ನಮ್ಮ ಸ್ನಾಯುದ ಬಲ ಇನ್ನೂ ಇಳಸ್ಬಹುದು, ಅದಕ್ಕೇ ಈ ಚೀಟಿ. ಜಾತ್ರ್ಯಾಗ ಜ್ವರ ಬಂತಂದ್ರ ಹತ್ತಿರದ ಕ್ಲಿನಿಕ್‌ನ್ಯಾಗ ಮೊದಲ ಮಾಡೋದೇ ಒಂದು ಸೂಜಿ ಚುಚ್ಚೋದು, ಅವರಿಗಿ ಈ ರೋಗ ಗೊತ್ತಿರ್ತದಂತ ಹೇಳ್ಲಿಕ್ಕೆ ಬರಲ್ಲ, ಚೀಟಿನೇ ಮಾತಾಡ್ಬೇಕು. ಅದರ ಒಂದು ಕಾಪಿ ಬಾಜೂ ಮನಿಯೋರ ಕಡಿನೂ ಇರ್ಲಿ.

ಆರನೇದು: ದೇವರ ಮ್ಯಾಲ ಸಿಟ್ಟು ಬಂದಾಗ

ಬರ್ತದ. ನಾ ಯಾರಿಗಿ ಏನ್ ಮಾಡಿದ್ದೆ, ಸಣ್ಣ ಮಕ್ಕಳು ಇದ್ದಾವ, ಯಾಕ ನನಗೇ ಅಂತ. ಆ ಮಾತು ನುಂಗ್ಬ್ಯಾಡ್ರಿ, ದೇವರ ಮುಂದೇ ಹೇಳ್ರಿ, ಬಾಯಿಲೆ ಆಗ್ಲಿಲ್ಲಂದ್ರ ಹಾಳಿ ಮ್ಯಾಲ ಬರೀರಿ. ನಮ್ಮ ಶರಣರೂ ಶಿವನ ಜೋಡಿ ಜಗಳ ಆಡ್ಯಾರ, ದಾಸರೂ ಹರಿಗಿ ಬೈದಾರ, ನಂಬಿದೋರೇ ಅಲ್ಲಿ ಹೋಗಿ ಜಗಳ ಮಾಡೋದು. ನಂಗ ಬಲ ಬಂದದ್ದು ಬೇಡಿಕೊಂಡ ದಿನಗಳಿಗಿಂತ ಹಂಗ ಜಗಳ ಆಡಿ ಅತ್ತು ಹಗುರಾದ ದಿನಗಳಿಂದೇ ಹೆಚ್ಚು. ಬೇಡೋದೂ ಬದಲ ಮಾಡ್ಕೊಂಡೀನಿ. ಪೂರಾ ವಾಸಿ ಮಾಡು ಅಂತ ದಿನಾ ಕೇಳಿ ದಿನಾ ನಿರಾಶಿ ಆಗೋದಕ್ಕಿಂತ, ಇವತ್ತ ಮಗನಿಗಿ ತಲಿ ಬಾಚೋ ಅಷ್ಟು ಕೈ ಬಲ ಕೊಡಪ್ಪ, ಸಂಜಿ ಊಟ ಗಂಟಲಾಗ ಇಳಿಲಿ ಅಂತ ಕೇಳ್ತೀನಿ. ಬಹಳ ದಿನ ಅದು ಸಿಗ್ತದ. ಸಿಗದ ದಿನ ಮಗ ತಾನೇ ಬಾಚ್ಕೋತಾನ.

ಇನ್ನೊಂದು ಮಾತು ಬಹಳ ಮಂದಿಗಿ ಗೊತ್ತಿಲ್ಲ. ಸ್ಟಿರಾಯ್ಡ್ ಡೋಸ್ ಹೆಚ್ಚಿದ್ದಾಗ ರಾತ್ರಿ ನಿದ್ದಿ ಹತ್ತಲ್ಲ, ಸುಳ್ಳೇ ಅಳು ಬರ್ತದ, ಸಣ್ಣ ಮಾತಿಗಿ ಸಿಟ್ಟು, ಮಾರಿ ದುಂಡಗ ಬಾತ್ಕೋತದ, ಕನ್ನಡಿ ನೋಡ್ಲಿಕ್ಕೆ ಮನಸ್ಸಾಗಲ್ಲ. ಪೂಜ್ಯಾಗ ಮನಸ್ಸು ನಿಲ್ಲಲ್ಲ. ಇದು ಭಕ್ತಿ ಕಮ್ಮಿ ಆದದ್ದಲ್ಲ, ಔಷಧದ ಕೆಲಸ, ಡಾಕ್ಟರ್‌ಗ ಹೇಳ್ರಿ. ಬದುಕೇ ಬ್ಯಾಡ ಅನ್ನಿಸ್ಲಿಕ್ಕೆ ಹತ್ತಿದ್ರ ಮನಸ್ಸಿನ ತ್ರಾಸಕ್ಕ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅದ, ಕನ್ನಡದಾಗೇ ಮಾತಾಡ್ತಾರ, ರಾತ್ರಿನೂ ಎತ್ತತಾರ. ಅಲ್ಲಿಗಿ ಫೋನ್ ಮಾಡಿದ್ರ ದೇವರನ್ನ ನಂಬ್ಲಿಲ್ಲ ಅಂತ ಆಗಲ್ಲ.

ಏಳನೇದು: ಆರಾಮ ಅನಿಸಿದ ದಿನ ಹೆಚ್ಚು ಹುಷಾರಿ

ಈ ರೋಗದ ಸ್ವಭಾವನೇ ಏರೋದು ಇಳಿಯೋದು. ಕೆಲವು ವಾರ ಏನೂ ಇಲ್ಲದಂಗ ಇರ್ತೀವಿ. ಅದೇ ಹೊತ್ತಿಗಿ ಯಾವುದೋ ಗುಡಿಗಿ ಹೋಗಿ ಬಂದಿರ್ತೀವಿ, ತಾಯತ ಕಟ್ಟಿರ್ತಾರ, ಮನಿ ಮಂದಿ ನೋಡು ದೇವರು ಕಣ್ಣು ತೆರದ, ಇನ್ನ ಗುಳಗಿ ಬಿಡು ಅಂತಾರ. ಇಲ್ಲೇ ನಮ್ಮಂಥೋರು ಐಸಿಯು ಸೇರೋದು. ಆರಾಮ ಆದದ್ದಕ್ಕ ದೇವರಿಗಿ ಕಾಯಿ ಒಡೀರಿ, ಮನಸ್ಸು ತುಂಬಿ ಒಡೀರಿ, ಮನಿಗಿ ಬಂದು ಹೊತ್ತಿಗಿ ಸರ್ಯಾಗಿ ಗುಳಗಿ ನುಂಗ್ರಿ. ಕಮ್ಮಿ ಮಾಡೋದಿದ್ರ ಡಾಕ್ಟರ್ ಮೆಲ್ಲಕ ಮಾಡ್ತಾರ. ಕೆಲವರಿಗಿ ವರ್ಷಗಟ್ಲೆ ರೋಗ ಸುಮ್ಮ ಇರೋದೂ ಉಂಟು, ಥೈಮಸ್ ಆಪರೇಶನ್ ಆದೋರಿಗಿ ಔಷಧ ಕಮ್ಮಿ ಸಾಕಾಗ್ತದ ಅಂತ 2016ರಾಗ ಬಂದ ದೊಡ್ಡ ಅಧ್ಯಯನದಾಗ ತೋರಿಸ್ಯಾರ. ಹಂಗಾಗಿ ಆಸಿ ಇಟ್ಕೊಳ್ಳಿಕ್ಕೆ ಕಾರಣ ಅದ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬೆಂಗಳೂರು ನಿಮ್ಹಾನ್ಸ್‌ಗೋ ಎಲ್ಲಿ ತೋರಿಸ್ಲಿಕತ್ತೀರೋ ಆ ಫಾಲೋಅಪ್ ತಾರೀಖು ಅಮಾಸಿ ಹುಣ್ಣಿಮಿ ಅಂತ ಮುಂದ ಹಾಕ್ಬ್ಯಾಡ್ರಿ.

ಗುಳಗಿ ಕಮ್ಮಿ ಅನ್ನಿಸಿ ತಾವೇ ಎರಡು ಹೆಚ್ಚಿಗಿ ನುಂಗೋದೂ ಅಷ್ಟೇ ಅಪಾಯ. ಪೈರಿಡೋಸ್ಟಿಗ್ಮಿನ್ ಹೆಚ್ಚಾದ್ರ ಬಾಯಾಗ ಜೊಲ್ಲು, ಬೆವರು, ಭೇದಿ ಆಗಿ ಬಲ ಇನ್ನೂ ಇಳೀತದ.

ಎಂಟನೇದು: ಜೋಡಿ ಒಬ್ಬರನ್ನ ಮಾಡ್ಕೊಳ್ರಿ, ಒಬ್ಬರಿಗಿ ಜೋಡಿ ಆಗ್ರಿ

ನಿಮ್ಮ ಗುಡಿ ಪೂಜಾರಿಗೋ, ಭಜನಿ ಮಂಡಳಿ ಅಕ್ಕೋರಿಗೋ, ಜಮಾತ್‌ನ ಒಬ್ಬ ಭಾಯಿಗೋ ನಿಮ್ಮ ರೋಗದ ಹೆಸರು ಹೇಳಿಡ್ರಿ. ನಮ್ಮ ಮಾರಿ ಸ್ನಾಯು ಸೋತಾಗ ನಕ್ಕರೂ ನಗು ಸರ್ಯಾಗಿ ಮೂಡಲ್ಲ, ಮಂದಿ ಇಕಿಗಿ ಸೊಕ್ಕು ಅಂತಾರ, ಗಂಡಸರಿಗಿ ಕುಡದು ಬಂದಾನ ಅಂತಾರ. ಒಬ್ಬರಿಗಿ ಗೊತ್ತಿದ್ರ ಅವರೇ ನಾಲ್ಕು ಮಂದಿಗಿ ಹೇಳ್ತಾರ, ಕುರ್ಚಿ ತಂದಿಡ್ತಾರ, ಪಾಳ್ಯಾಗ ಮುಂದ ಕಳಸ್ತಾರ. ಸಹಾಯ ತಗೊಳ್ಳಿಕ್ಕೆ ನಾಚಬ್ಯಾಡ್ರಿ, ಕೊಡೋರಿಗೂ ಅದು ಸೇವಾನೇ.

ನೀವೂ ಕುಂತಲ್ಲೇ ಏನರೇ ಮಾಡ್ರಿ. ಹೂಬತ್ತಿ ಹೊಸೀರಿ, ದಾಸೋಹದ ಅಕ್ಕಿ ಹಸನ ಮಾಡ್ರಿ, ಕೈ ಸೋತ ಕೂಡ್ಲೆ ಬಿಡ್ರಿ. ಇದಕ್ಕಿಂತ ಬೆಲಿ ಇರೋದು ಹೊಸದಾಗಿ ಈ ರೋಗ ಗೊತ್ತಾದ ಯಾರಿಗಾದ್ರೂ ಫೋನ್ ಮಾಡೋದು. ನಿಮ್ಮ ಡಾಕ್ಟರ್‌ಗ ಹೇಳಿಡ್ರಿ, ನಮ್ಮ ಕಡಿಯೋರು ಯಾರರೇ ಹೊಸಬರು ಬಂದು ಅಂಜ್ಲಿಕತ್ತಿದ್ರ, ಅವರು ಒಪ್ಪಿದ್ರ ನನ್ನ ನಂಬರ್ ಕೊಡ್ರಿ ಅಂತ. ಗುಳಗಿ ಕೆಲಸ ಮಾಡೋ ಹೊತ್ತಿನ್ಯಾಗ ಹತ್ತು ನಿಮಿಷ ಮಾತಾಡ್ರಿ, ಅವರದು ಯಾವ ದೇವರೋ ಆ ದೇವರ ಹೆಸರಿನ್ಯಾಗೇ ಧೈರ್ಯ ಹೇಳ್ರಿ, ನಿಮ್ಮದು ಹೇರಬ್ಯಾಡ್ರಿ. ನಿಮ್ಮ ಡೋಸ್ ಎಷ್ಟು ಅಂತ ಕೇಳಿದ್ರ ಮಾತ್ರ ಹೇಳ್ಬ್ಯಾಡ್ರಿ, ಒಬ್ಬೊಬ್ಬರಿಗಿ ಒಂದೊಂದು ಲೆಕ್ಕ ಇರ್ತದ, ಅವರ ಡಾಕ್ಟರ್‌ಗೇ ಕೇಳ್ಲಿಕ್ಕೆ ಹೇಳ್ರಿ. ರಾತ್ರಿ ಉಸಿರಿಗಿ ತ್ರಾಸ ಆಗ್ಲಿಕತ್ತದ ಅಂತ ಅವರು ಫೋನ್ ಮಾಡಿದ್ರ ಸಮಾಧಾನ ಹೇಳ್ಕೋತ ಕೂಡ್ಬ್ಯಾಡ್ರಿ, ಇಟ್ಟು 108ಕ್ಕ ಹಚ್ಚು ಅನ್ರಿ, ಮತ್ತ ಹತ್ತು ನಿಮಿಷ ಬಿಟ್ಟು ನೀವೇ ಫೋನ್ ಮಾಡಿ ಗಾಡಿ ಬಂತೋ ಇಲ್ಲೋ ಕೇಳ್ರಿ.